ಮೇಜನ್ನು ಆರಿಸಬೇಕಾದವರು ಯಾರು?

ಮನೆಗೆ ಹೊಸ ಮೇಜು ಬಂದ ದಿನ ಎಲ್ಲರೂ ಅದರ ಹೊಳಪನ್ನು ಮೆಚ್ಚುತ್ತಾರೆ. ಅದರ ಎತ್ತರ ಮೊಣಕೈಗೆ ಹೊಂದುವುದೋ ಇಲ್ಲವೋ ಎಂಬುದು ಮೂರು ದಿನ ಅದರ ಮುಂದೆ ಕುಳಿತು ಬರೆದವರಿಗೆ ಮಾತ್ರ ತಿಳಿಯುತ್ತದೆ. ಖಾನೆಗಳ ಗುಣ ತಿಳಿಯುವುದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಅವಸರದಲ್ಲಿ ಒಂದು ಕಾಗದ ಬೇಕಾದ ದಿನ ಅದು ಕೈಗೆ ಸಿಕ್ಕಿದರೆ ಖಾನೆ ಒಳ್ಳೆಯದು, ಸಿಕ್ಕದಿದ್ದರೆ ಕೆಟ್ಟದ್ದು. ಮರದ ಮೇಜಿಗೆ ಸಲ್ಲುವ ಈ ಮಾತು ಕಂಪ್ಯೂಟರಿನ ತೆರೆಯ ಮೇಲೆ ಕಾಣುವ ಮೇಜಿಗೂ ಸಲ್ಲುತ್ತದೆ. ಮರದ ಮೇಜನ್ನು ಕೊಳ್ಳುವಾಗ ಅದರ ಮುಂದೆ ಕೂರುವವರನ್ನು ಒಂದು ಮಾತು ಕೇಳುವ ಪದ್ಧತಿಯುಂಟು. ತೆರೆಯ ಮೇಜಿನ ವಿಷಯದಲ್ಲಿ ಆ ಪದ್ಧತಿ ಇನ್ನೂ ಬೆಳೆದಿಲ್ಲ.

ಮೈಸೂರಿನ ಒಂದು ಬಡಾವಣೆಯ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಬಳಿ ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪು. ಅದರೊಳಗೆ ಶಿಷ್ಯರು ಬರೆದ ಪತ್ರಗಳು, ಮನೆಯ ಪತ್ರದ ಪ್ರತಿ, ಮಕ್ಕಳ ಮದುವೆಯ ಭಾವಚಿತ್ರಗಳು, ಪತ್ನಿ ಸಂಗ್ರಹಿಸಿದ ದೇವರನಾಮಗಳು ಮತ್ತು ಅರ್ಧಕ್ಕೆ ನಿಂತಿರುವ ವಂಶದ ಚರಿತ್ರೆ. ಯಂತ್ರದಲ್ಲಿ ಇದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಸಂಸ್ಥೆ ಅದರ ಸಾಮಾನ್ಯ ಪೋಷಣೆಯನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು; ಮೇಷ್ಟರ ಯಂತ್ರಕ್ಕೆ ಆ ಯೋಗ್ಯತೆಯಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ದೀಪಾವಳಿಗೆ ಬಂದವನು, “ಅಪ್ಪಾ, ಚಿಂತೆ ಬೇಡ, ಲಿನಕ್ಸ್ ಹಾಕಿಕೊಡುತ್ತೇನೆ,” ಎಂದ. ಒಂದೇ ಮಧ್ಯಾಹ್ನದಲ್ಲಿ ಹಾಕಿಯೂ ಕೊಟ್ಟ. ಒಂದು ಫೈಲೂ ನಷ್ಟವಾಗಲಿಲ್ಲ. ತಾನು ಕಚೇರಿಯಲ್ಲಿ ಬಳಸುವ ಗ್ನೋಮ್ ಎಂಬ ಪರಿಸರವನ್ನೇ ತಂದೆಗೂ ಅಳವಡಿಸಿ, ತೃಪ್ತಿಯಿಂದ ಊರಿಗೆ ಹೊರಟ.

ಮರುದಿನ ಮೇಷ್ಟರು ಯಂತ್ರವನ್ನು ತೆರೆದರು. ತೆರೆಯ ಮೇಲೆ ಸುಂದರವಾದ ಒಂದು ಚಿತ್ರ. ಬೇರೆ ಏನೂ ಇಲ್ಲ. ಕೆಳಗಡೆ ಪಟ್ಟಿಯಿಲ್ಲ, ಎಡಗಡೆ ಫೋಲ್ಡರುಗಳಿಲ್ಲ. ಫೋನಿನಲ್ಲಿ ಮಗನನ್ನು ಕೇಳಿ, ಪತ್ರವೊಂದನ್ನು ಹೇಗೋ ತೆರೆದರು. ಅದನ್ನು ಕ್ಷಣಕಾಲ ಪಕ್ಕಕ್ಕಿಡಬೇಕೆಂದರೆ ಕಿಟಕಿಯ ಮೂಲೆಯಲ್ಲಿ ಮುಚ್ಚುವ ಗುಂಡಿ ಒಂದೇ ಇತ್ತು. ತಗ್ಗಿಸುವ ಗುಂಡಿ ಇರಲಿಲ್ಲ. ಅದನ್ನೇ ಒತ್ತಿದರು, ಪತ್ರ ಮಾಯವಾಯಿತು. ನಾಲ್ಕನೆಯ ಬಾರಿ ಫೋನು ಮಾಡುವುದಕ್ಕೆ ಸಂಕೋಚವಾಯಿತು. ಮುಚ್ಚಳವನ್ನು ಮೆಲ್ಲನೆ ಮುಚ್ಚಿ ಪತ್ನಿಗೆ ಹೇಳಿದರು: “ಇದು ಇನ್ನು ಹುಡುಗರ ಯಂತ್ರ ಕಣೇ. ನನಗಲ್ಲ.”

ಯಂತ್ರ ಕೆಟ್ಟಿರಲಿಲ್ಲ, ಮಗನಲ್ಲಿ ಪ್ರೀತಿ ಕಡಿಮೆಯಿರಲಿಲ್ಲ, ಗ್ನೋಮಿನಲ್ಲಿ ದೋಷವೂ ಇರಲಿಲ್ಲ. ಆದರೂ ವಂಶದ ಚರಿತ್ರೆ ನಿಂತುಹೋಯಿತು. ತಪ್ಪಿದ್ದೆಲ್ಲಿ?

* * *

ಲಿನಕ್ಸ್ ಎಂಬುದು ಮನೆಯ ತಳಪಾಯವಿದ್ದಂತೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಆ ತಿರುಳು ಕಣ್ಣಿಗೆ ಕಾಣುವಂಥದಲ್ಲ. ಕಣ್ಣಿಗೆ ಕಾಣುವ ಪಟ್ಟಿ, ಗುಂಡಿ, ಕಿಟಕಿ, ಚಿತ್ರಿಕೆಗಳೆಲ್ಲ ಸೇರಿ ಡೆಸ್ಕ್‌ಟಾಪ್ ಪರಿಸರ ಎನಿಸಿಕೊಳ್ಳುತ್ತವೆ. ತೆರೆಯನ್ನು ಮೇಜೆಂದು ಭಾವಿಸಿ, ಅದರ ಮೇಲೆ ಕಾಗದ, ಫೋಲ್ಡರು, ಖಾನೆಗಳ ಚಿತ್ರಗಳನ್ನಿಡುವ ಕಲ್ಪನೆ ಅಮೆರಿಕೆಯ ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಬೆಳೆದು, 1981ರಲ್ಲಿ ಅದೇ ಸಂಸ್ಥೆಯ ‘ಸ್ಟಾರ್’ ಎಂಬ ಯಂತ್ರದೊಡನೆ ಮಾರುಕಟ್ಟೆಗೆ ಬಂದಿತು. ವಿಂಡೋಸಿನಲ್ಲಿ ತಳಪಾಯವನ್ನೂ ಮೇಜನ್ನೂ ಒಬ್ಬನೇ ಮಾಡಿ ಒಟ್ಟಿಗೆ ಮಾರುತ್ತಾನೆ. ಲಿನಕ್ಸಿನಲ್ಲಿ ತಳಪಾಯ ಒಬ್ಬರದು, ಮೇಜು ಇನ್ನೊಬ್ಬರದು. ಒಂದು ಮೇಜನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮನೆ ಅಲುಗುವುದಿಲ್ಲ. ಈ ಸ್ವಾತಂತ್ರ್ಯವೇ ಹೊಸಬರನ್ನು ಗಾಬರಿಗೊಳಿಸುತ್ತದೆ.

ಆ ಮೇಜುಗಳಲ್ಲಿ ಒಂದರ ಜನ್ಮವೃತ್ತಾಂತ ಮೇಷ್ಟರ ಮನೆಯ ಪ್ರಸಂಗವನ್ನೇ ಹೋಲುತ್ತದೆ. ಜರ್ಮನಿಯ ಟ್ಯೂಬಿಂಗನ್ನಿನ ವಿದ್ಯಾರ್ಥಿ ಮತ್ತಿಯಾಸ್ ಎಟ್ರಿಚ್ ಲಿನಕ್ಸಿನಲ್ಲಿ ಪಳಗಿದವನು. ಸಾಮಾನ್ಯರೂ ಇದನ್ನು ಸುಲಭವಾಗಿ ಬಳಸಬಹುದೆಂದು ನಂಬಿದ್ದವನು. ತನ್ನ ಗೆಳತಿಯ ಕಂಪ್ಯೂಟರಿಗೆ ಅದನ್ನು ಅಳವಡಿಸಲು ಹೋದಾಗ ಆ ನಂಬಿಕೆ ಮುರಿಯಿತು. ಒಂದೊಂದು ತಂತ್ರಾಂಶದ ಮುಖ ಒಂದೊಂದು ಬಗೆ, ಗುಂಡಿಗಳು ಒಂದೊಂದು ಕಡೆ. ಪತ್ರ ಬರೆಯುವ, ಚಿತ್ರ ನೋಡುವ ಸಾಮಾನ್ಯ ಬಳಕೆದಾರರಿಗಾಗಿ, ಎಲ್ಲ ಅಂಗಗಳೂ ಹೊಂದಿಕೊಂಡು ನಡೆಯುವ ಒಂದು ಪರಿಸರವನ್ನು ಕಟ್ಟೋಣ ಬನ್ನಿ ಎಂದು ಅವನು ಜಗತ್ತಿನ ತಂತ್ರಜ್ಞರನ್ನು ಕರೆದ. ಆ ಕರೆಯ ದಿನ 1996ರ ಅಕ್ಟೋಬರ್ 14. ವಿಂಡೋಸ್ 10ರ ಪೋಷಣೆ ನಿಂತದ್ದು ಸರಿಯಾಗಿ 29 ವರ್ಷಗಳ ಬಳಿಕ ಅದೇ ತಾರೀಖಿನಂದು. ಹೀಗೆ ಹುಟ್ಟಿದ್ದು ಕೆ.ಡಿ.ಇ.; ಈಗ ಅದರ ಮೇಜಿನ ಹೆಸರು ಪ್ಲಾಸ್ಮಾ.

ಕೆ.ಡಿ.ಇ. ಆಧರಿಸಿದ್ದ ‘ಕ್ಯೂಟಿ’ ಎಂಬ ಸಲಕರಣೆಯ ಪರವಾನಗಿ ಆಗ ಪೂರ್ಣ ಸ್ವತಂತ್ರವಾಗಿರಲಿಲ್ಲ. ಇದನ್ನು ಒಪ್ಪದ ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೋ ಮೇನಾ 1997ರ ಆಗಸ್ಟಿನಲ್ಲಿ ಗ್ನೋಮನ್ನು ಆರಂಭಿಸಿದರು. 2000ದಲ್ಲಿ ಕ್ಯೂಟಿಯ ಪರವಾನಗಿ ಬದಲಾಗಿ ಜಗಳದ ಕಾರಣ ಹೋಯಿತು. ಎರಡು ಮೇಜುಗಳು ಉಳಿದವು. 1996ರಲ್ಲೇ ಒಲಿವಿಯೇ ಫೂರ್ದಾನ್ ತೊಡಗಿದ ಎಕ್ಸ್.ಎಫ್.ಸಿ.ಇ. ಮೂರನೆಯದು, ಅದು ಮಿತವ್ಯಯದ ಮೇಜು. ಇನ್ನೂ ಹಗುರವಾದದ್ದು ಬೇಕೆಂಬವರಿಗೆ ಎಲ್.ಎಕ್ಸ್.ಕ್ಯೂಟಿ ಇದೆ.

2011ರ ಏಪ್ರಿಲ್ಲಿನಲ್ಲಿ ಗ್ನೋಮಿನ ಮೂರನೆಯ ಅವತಾರ ಹೊರಬಂದಾಗ ದೊಡ್ಡ ಕೋಲಾಹಲವೇ ಆಯಿತು. ಕೆಳಗಿನ ಪಟ್ಟಿ ಹೋಯಿತು, ತಗ್ಗಿಸುವ ಗುಂಡಿ ಹೋಯಿತು. ಕಾರ್ಯಗಳಲ್ಲಿ ಮನಸ್ಸು ಚದುರಬಾರದು ಎಂಬುದು ಕರ್ತೃಗಳ ಉದ್ದೇಶ. ಹೊಸದಾಗಿ ಕಲಿಯುವವರಿಗೆ ಅದು ಹಿತವೂ ಆಯಿತು. ಆದರೆ ಹತ್ತು ವರ್ಷ ಹಳೆಯ ಮೇಜಿನ ಮುಂದೆ ಕುಳಿತವರ ಕೈ ಒಮ್ಮೆಗೇ ಅನಾಥವಾಯಿತು. ಆಗ ಅರ್ಜೆಂಟೀನಾದ ಒಬ್ಬ ಬಳಕೆದಾರ ಸುಮ್ಮನೆ ಗೊಣಗಲಿಲ್ಲ. ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದ, ಕೈಬಿಟ್ಟ ಗ್ನೋಮ್ 2ನ್ನು ಎತ್ತಿಕೊಂಡು ಮುಂದುವರಿಸಿದ. ತನ್ನ ನಾಡಿನ ಜನ ಕುಡಿಯುವ ಎಲೆಯ ಪಾನೀಯದ ಹೆಸರನ್ನೇ ಅದಕ್ಕಿಟ್ಟ: ಮಾಟೆ. ಅದೇ ಕಾಲದಲ್ಲಿ ಲಿನಕ್ಸ್ ಮಿಂಟ್ ಬಳಗದವರು ಹೊಸ ಗ್ನೋಮಿನ ಒಳಗನ್ನು ಉಳಿಸಿಕೊಂಡು, ಹಳೆಯ ಮಾದರಿಯ ಹೊರಗನ್ನು ಕೂಡಿಸಿ ಸಿನಮನ್ ಎಂಬ ಮೇಜನ್ನು ಮಾಡಿದರು.

ರೂಢಿ ಎಂಬುದು ಸೋಮಾರಿತನವಲ್ಲ, ಕೈಗೆ ಬಂದ ವಿದ್ಯೆ. ಅದನ್ನು ಕಸಿದುಕೊಳ್ಳುವ ಅಧಿಕಾರ ಮೇಜು ಮಾಡುವವನಿಗೂ ಇಲ್ಲ, ಮೇಜು ತಂದುಕೊಡುವ ಮಗನಿಗೂ ಇಲ್ಲ. ಲಿನಕ್ಸಿನ ಲೋಕದಲ್ಲಿ ಇದು ಬರಿಯ ಉಪದೇಶವಲ್ಲ, ನಡೆದು ತೋರಿಸಿದ ಸಂಗತಿ.

* * *

ಮೇಜಿನ ಮಾತು ಇಷ್ಟು ಸಾಕು. ದಿನದ ನಿಜವಾದ ಕೆಲಸ ನಡೆಯುವುದು ಖಾನೆಗಳಲ್ಲಿ. ಅಂದರೆ ಫೈಲ್ ಮ್ಯಾನೇಜರಿನಲ್ಲಿ. ಕನ್ನಡದ ತಂತ್ರಾಂಶಗಳಲ್ಲಿ ಫೈಲಿಗೆ ‘ಕಡತ’ ಎಂಬ ಹೆಸರು ನಿಂತಿದೆ. ಇದು ಬಹಳ ಹಳೆಯ ಶಬ್ದ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಆಧಾರ. ಬಟ್ಟೆಯ ಕಡತವನ್ನು ಇಟ್ಟವನಿಗೆ ಅದು ಯಾವ ಪೆಟ್ಟಿಗೆಯಲ್ಲಿದೆ ಎಂಬುದು ಗೊತ್ತಿರುತ್ತಿತ್ತು. ಇಂದಿನ ಕಡತ ಎಲ್ಲಿದೆ ಎಂದು ತೋರಿಸುವ ಗುಮಾಸ್ತನೇ ಫೈಲ್ ಮ್ಯಾನೇಜರು.

ಒಂದೊಂದು ಮೇಜಿಗೆ ಒಬ್ಬೊಬ್ಬ ಗುಮಾಸ್ತ. ಗ್ನೋಮಿನ ನಾಟಿಲಸನ್ನು ಕಟ್ಟಿದವರು ಈಜಲ್ ಎಂಬ ಕಂಪೆನಿಯವರು. ಅವರಲ್ಲಿ ಆಪಲ್ ಸಂಸ್ಥೆಯ ಮೊದಲ ಮ್ಯಾಕಿಂಟೋಷನ್ನು ರೂಪಿಸಿದ ಆಂಡಿ ಹರ್ಟ್ಸ್‌ಫೆಲ್ಡ್ ಸಹ ಇದ್ದರು. 2001ರ ಮಾರ್ಚಿನಲ್ಲಿ ನಾಟಿಲಸ್ ಸಿದ್ಧವಾಯಿತು. ಮೇ ತಿಂಗಳಲ್ಲಿ ಕಂಪೆನಿಯೇ ಮುಚ್ಚಿತು. ಅಂಗಡಿ ಮುಳುಗಿದರೂ ಬೀರು ಉಳಿಯಿತು. ಅದನ್ನು ಗ್ನೋಮ್ ಬಳಗ ಇಂದಿಗೂ ನೋಡಿಕೊಳ್ಳುತ್ತಿದೆ. 2004ರಲ್ಲಿ ಅದರ ನಿರ್ಮಾಪಕರು, ಪ್ರತಿಯೊಂದು ಫೋಲ್ಡರಿಗೂ ಅದರದೇ ಆದ ಒಂದು ಕಿಟಕಿ ಎಂಬ ನಿಯಮ ಮಾಡಿದರು. ತರ್ಕಕ್ಕೆ ಸೊಗಸಾದ ನಿಯಮ. ಆದರೆ ಐದು ಫೋಲ್ಡರುಗಳ ಒಳಗಿದ್ದ ಒಂದು ಪತ್ರಕ್ಕಾಗಿ ಐದು ಕಿಟಕಿಗಳು ತೆರೆದು ತೆರೆ ತುಂಬಿಹೋಗುತ್ತಿತ್ತು. 2010ರಲ್ಲಿ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು.

2012ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಒಂದೇ ಕಿಟಕಿಯನ್ನು ಎರಡು ಭಾಗ ಮಾಡಿ, ಎಡಗಡೆಯ ಫೋಲ್ಡರಿನಿಂದ ಬಲಗಡೆಯ ಫೋಲ್ಡರಿಗೆ ಕಡತಗಳನ್ನು ಸಾಗಿಸುವ ಅನುಕೂಲ ನಾಟಿಲಸಿನಲ್ಲಿತ್ತು. ಅದನ್ನು ತೆಗೆದುಹಾಕಿದರು. ಕ್ಯಾಮೆರಾದ ಚಿತ್ರಗಳನ್ನು ವರ್ಷವಾರು ವಿಂಗಡಿಸುವ ಗೃಹಿಣಿಗೂ ವಿದ್ಯಾರ್ಥಿಗಳ ಪತ್ರಿಕೆಗಳನ್ನು ಬೇರ್ಪಡಿಸುವ ಉಪಾಧ್ಯಾಯನಿಗೂ ಅದು ಬಲಗೈಯಂತಿತ್ತು. ಮಿಂಟ್ ಬಳಗದವರು ನಾಟಿಲಸಿನ ಹಿಂದಿನ ಆವೃತ್ತಿಯಿಂದಲೇ ತಮ್ಮದೊಂದನ್ನು ಬೆಳೆಸಿದರು. ಅದರ ಹೆಸರು ನೀಮೋ. ಜೂಲ್ಸ್ ವರ್ನ್‌ನ ಕಾದಂಬರಿಯಲ್ಲಿ ನಾಟಿಲಸ್ ಎಂಬ ಜಲಾಂತರ್ನೌಕೆಯ ನಾಯಕನ ಹೆಸರೂ ನೀಮೋ ಎಂಬುದು ವಾಚಕರಿಗೆ ನೆನಪಾಗಬಹುದು. ಇದರಲ್ಲಿ ಎಫ್3 ಕೀಲಿಯನ್ನು ಒತ್ತಿದರೆ ಕಿಟಕಿ ಎರಡಾಗುತ್ತದೆ. ಮಾಟೆಯ ಗುಮಾಸ್ತ ಕಾಹಾ; ಸ್ಪ್ಯಾನಿಷ್ ಭಾಷೆಯಲ್ಲಿ ಪೆಟ್ಟಿಗೆ ಎಂದರ್ಥ. ಅದರಲ್ಲಿಯೂ ಈ ಅನುಕೂಲವುಂಟು. ಎಕ್ಸ್.ಎಫ್.ಸಿ.ಇ.ಯ ಥೂನಾರಿಗೆ ಇದು ಬಂದದ್ದು 2022ರ ಡಿಸೆಂಬರಿನಲ್ಲಿ. ಥೂನಾರಿನ ವಿಶೇಷ ಬೇರೆ: ನೂರು ಚಿತ್ರಗಳಿಗೆ ಒಂದೇ ಸಲ ಕ್ರಮವಾಗಿ ಹೆಸರಿಡಬಲ್ಲದು. ಪ್ಲಾಸ್ಮಾದ ಡಾಲ್ಫಿನ್ ಇವರೆಲ್ಲರಲ್ಲಿ ಬಹುವಿದ್ಯಾವಂತ. ಎರಡು ಭಾಗ, ಗುರುತುಚೀಟಿ, ಎಲ್ಲವೂ ಅದಕ್ಕೆ ತಿಳಿದಿದೆ. ಆದರೆ ಬಹಳ ಬಲ್ಲ ಗುಮಾಸ್ತನ ಮುಂದೆ ಕೆಲವರಿಗೆ ಮಾತೇ ಹೊರಡುವುದಿಲ್ಲ ಎಂಬುದೂ ಲೋಕಾನುಭವ.

ಫೋಲ್ಡರನ್ನು ತೆರೆದು ಅಕ್ಷರವೊಂದನ್ನು ಒತ್ತಿದರೆ ನಾಟಿಲಸ್ ಹುಡುಕತೊಡಗುತ್ತದೆ. ಕಡತದ ಹೆಸರು ನೆನಪಿರುವವರಿಗೆ ಇದು ವರ. ಹೆಸರು ಮರೆತು, “ಆ ಮೂಲೆಯ ಫೋಲ್ಡರಿನಲ್ಲಿಟ್ಟಿದ್ದೆ” ಎಂದು ಜಾಗವನ್ನು ಮಾತ್ರ ನೆನಪಿಡುವವರಿಗೆ ಎಡಗಡೆ ಫೋಲ್ಡರುಗಳ ಕವಲು ತೋರಿಸುವ ನೀಮೋ, ಕಾಹಾಗಳೇ ಹಿತ. ಮನುಷ್ಯರಲ್ಲಿ ಈ ಎರಡು ಜಾತಿಯವರೂ ಇದ್ದಾರೆ; ಒಂದೇ ಮನೆಯಲ್ಲಿಯೂ ಇರುತ್ತಾರೆ.

* * *

ಹಾಗಾದರೆ ಆರಿಸುವ ಕ್ರಮವೇನು? ಮೊದಲು ಖಾನೆ, ಆಮೇಲೆ ಮೇಜು. ಕೂರುವವರು ಕಡತವನ್ನು ಹೆಸರಿನಿಂದ ಹುಡುಕುವವರೋ, ಜಾಗದಿಂದ ಹುಡುಕುವವರೋ? ಕಡತಗಳನ್ನು ಆಗಾಗ ವಿಂಗಡಿಸುವವರೋ, ಇಟ್ಟಲ್ಲೇ ಬಿಡುವವರೋ? ಇದನ್ನು ಕೇಳಿ ತಿಳಿಯುವುದಕ್ಕಿಂತ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಿ ತಿಳಿಯುವುದು ಮೇಲು. ಆಮೇಲೆ ಯಂತ್ರದ ಬಲವನ್ನು ನೋಡಬೇಕು. ಸಿನಮನ್, ಮಾಟೆ, ಎಕ್ಸ್.ಎಫ್.ಸಿ.ಇ. ಎಂಬ ಮೂರು ರೂಪಗಳಲ್ಲಿ ದೊರೆಯುವ ಲಿನಕ್ಸ್ ಮಿಂಟಿಗೆ ಕನಿಷ್ಠ 2 ಜಿ.ಬಿ. ಸ್ಮೃತಿ ಬೇಕು, ನೆಮ್ಮದಿಯ ಕೆಲಸಕ್ಕೆ 4 ಜಿ.ಬಿ. ಎಂದು ಅದರ ಕರ್ತೃಗಳೇ ಹೇಳುತ್ತಾರೆ. ಬಲ ಕಡಿಮೆಯಿದ್ದಷ್ಟೂ ಎಕ್ಸ್.ಎಫ್.ಸಿ.ಇ., ಎಲ್.ಎಕ್ಸ್.ಕ್ಯೂಟಿಗಳ ಕಡೆಗೆ ವಾಲುವುದು ಕ್ಷೇಮ.

ಕನ್ನಡದ ಸಲುವಾಗಿ ಹೆದರಬೇಕಾಗಿಲ್ಲ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಸಾಧನವನ್ನು ಗ್ನೋಮಿನ ವಂಶವೂ ಕೆ.ಡಿ.ಇ.ಯ ವಂಶವೂ ಬಳಸುತ್ತವೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ‘ಕಗಪ’ ಕೀಲಿವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಿನಕ್ಸಿನ ಕೀಲಿಮಣೆಯ ಪಟ್ಟಿಯಲ್ಲಿಯೇ ಇವೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಒಂದು ಸೂಕ್ಷ್ಮ ಮಾತ್ರ ತಿಳಿದಿರಲಿ. ಲಿನಕ್ಸಿನಲ್ಲಿ ಸಾಮಾನ್ಯವಾದ ಎಕ್ಸ್ಟ್4 ವ್ಯವಸ್ಥೆಯಲ್ಲಿ ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ‘ಕನ್ನಡ’ ಎಂಬುದು ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ 5 ಸಂಕೇತ, 15 ಬೈಟು. ಒಟ್ಟು 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ಇಡೀ ವಾಕ್ಯವನ್ನೇ ಹೆಸರಾಗಿಡುವ ಅಭ್ಯಾಸವುಳ್ಳವರು ಇಲ್ಲಿ ಮುಗ್ಗರಿಸುತ್ತಾರೆ. ತಾರೀಖಿನ ನಡುವೆ ಓರೆಗೆರೆ ಹಾಕುವುದಕ್ಕೂ ಅವಕಾಶವಿಲ್ಲ, ಅಡ್ಡಗೆರೆ ಹಾಕಬಹುದು.

ಒಂದೇ ಯಂತ್ರದಲ್ಲಿ ಎರಡು ಮೂರು ಮೇಜುಗಳನ್ನು ಹಾಕಿಟ್ಟು, ಒಳಗೆ ಪ್ರವೇಶಿಸುವಾಗ ಬೇಕಾದುದನ್ನು ಆರಿಸಿಕೊಳ್ಳುವುದೂ ಸಾಧ್ಯ. ಒಂದು ಮೇಜಿಗೆ ಇನ್ನೊಂದರ ಗುಮಾಸ್ತನನ್ನು ಕರೆತರುವುದೂ ಸಾಧ್ಯ. ಆದರೆ ಆಗ ಪಟ್ಟಿಯಲ್ಲಿ ಎಲ್ಲ ವಸ್ತುಗಳೂ ಎರಡೆರಡಾಗಿ, ಎರಡು ಅಡುಗೆಮನೆಗಳ ಪಾತ್ರೆಗಳು ಒಂದೇ ಕಪಾಟಿನಲ್ಲಿ ಸೇರಿದಂತಾಗುತ್ತದೆ. ಕಲಿಯುವವರ ಯಂತ್ರಕ್ಕೆ ಒಂದೇ ಮೇಜು ಸಾಕು.

ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ, ಇವುಗಳನ್ನು ಅಳವಡಿಸದೆಯೇ ಪರೀಕ್ಷಿಸಬಹುದು. ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಹೊರಡಿಸಿ, ಒಂದು ಸಂಜೆ ಬಳಸಿ, ಹೊರಗೆಳೆದರೆ ಯಂತ್ರದೊಳಗಿನದು ಇದ್ದಂತೆಯೇ ಇರುತ್ತದೆ. ಬೆಡಗು ನೋಡುವುದು ಪರೀಕ್ಷೆಯಲ್ಲ. ಒಂದು ಪತ್ರವನ್ನು ಹುಡುಕಿ ತೆರೆಯಲಿ, ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ತೆರೆಯಲಿ, ಒಂದು ಚಿತ್ರವನ್ನು ಬೇರೆ ಫೋಲ್ಡರಿಗೆ ಸಾಗಿಸಲಿ, ತಪ್ಪಿ ಅಳಿಸಿದ್ದನ್ನು ಕಸದ ಬುಟ್ಟಿಯಿಂದ ಮರಳಿ ತರಲಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಉಳಿಸಲಿ. ಈ ಐದು ಕೆಲಸಗಳನ್ನು ಯಾವ ಮೇಜಿನ ಮೇಲೆ ಅತಿ ಕಡಿಮೆ ಪ್ರಶ್ನೆ ಕೇಳಿ ಮುಗಿಸುತ್ತಾರೋ ಅದೇ ಅವರ ಮೇಜು.

* * *

ಮೇಷ್ಟರ ಮನೆಗೆ ಸಂಕ್ರಾಂತಿಯ ರಜೆಗೆ ಬಂದವಳು ಮೊಮ್ಮಗಳು. ಕಾಲೇಜಿನಲ್ಲಿ ಎರಡನೆಯ ವರ್ಷ. ಮುಚ್ಚಳ ಮುಚ್ಚಿದ ಯಂತ್ರದ ಮೇಲೆ ಹಳೆಯ ಪಂಚಾಂಗವಿಟ್ಟಿದ್ದುದನ್ನು ಕಂಡು ಅವಳಿಗೆ ಅರ್ಥವಾಯಿತು. ಸಂಜೆ ಮೂರು ಪೆನ್‌ಡ್ರೈವುಗಳನ್ನು ತಂದಿಟ್ಟಳು.

“ತಾತ, ಇವತ್ತು ಮೌಸು ನಿಮ್ಮ ಕೈಯಲ್ಲೇ ಇರಲಿ. ನಾನು ಮುಟ್ಟುವುದಿಲ್ಲ. ಕೇಳಿದರೆ ಮಾತ್ರ ಹೇಳುತ್ತೇನೆ.”

“ನನಗೇನಮ್ಮ ಗೊತ್ತಾಗುತ್ತೆ?”

“ಮೇಜು ನಿಮ್ಮದು ತಾತ. ನನಗೆ ಹೇಗೆ ಗೊತ್ತಾಗುತ್ತೆ?”

ಅವಳು ಕೈಕಟ್ಟಿ ಹಿಂದೆ ಕುಳಿತಳು. ಪ್ಲಾಸ್ಮಾ ಬಂದಿತು, ಮೇಷ್ಟರು ಹದಿನೈದು ನಿಮಿಷ ಅದರ ವೈಭವವನ್ನು ನೋಡಿ, “ಚೆನ್ನಾಗಿದೆ, ಅರಮನೆಯ ಹಾಗಿದೆ,” ಎಂದು ಬಿಟ್ಟರು. ಎಕ್ಸ್.ಎಫ್.ಸಿ.ಇ. ಬಂದಿತು, ಕೆಲಸವೇನೋ ಚುರುಕಾಗಿ ನಡೆಯಿತು, ಆದರೆ ಪ್ರಶ್ನೆಗಳು ಆರಾದವು. ಮಾಟೆಯಲ್ಲಿ ಕಾಹಾವನ್ನು ತೆರೆದು ಎಫ್3 ಒತ್ತಿದಾಗ ಕಿಟಕಿ ಎರಡಾಯಿತು. ಎಡಗಡೆ ಶಿಷ್ಯರ ಪತ್ರಗಳು, ಬಲಗಡೆ ವಂಶದ ಚರಿತ್ರೆ. ಮೇಷ್ಟರು ಮಾತಾಡಲಿಲ್ಲ. ಒಂದು ಪತ್ರವನ್ನು ಎಡದಿಂದ ಬಲಕ್ಕೆ ಸಾಗಿಸಿದರು, ಆಮೇಲೆ ಇನ್ನೊಂದನ್ನು. ಹಿಂದೆ ಮೊಮ್ಮಗಳು ಕುಳಿತಿರುವುದು ಅವರಿಗೆ ಮರೆತೇಹೋಗಿತ್ತು.

ರಾತ್ರಿ ಮಗ ಫೋನಿನಲ್ಲಿ ಕೇಳಿದ: “ಮಾಟೆಯೇ? ಅದು ಬಹಳ ಹಳೆಯ ಮಾದರಿ ಅಲ್ಲವೇ ಅಪ್ಪ? ನಾನು ಹಾಕಿಕೊಟ್ಟದ್ದು ಹೊಸದು.”

“ಹೌದಪ್ಪ, ನೀನು ಹಾಕಿದ್ದು ಒಳ್ಳೆಯದೇ. ಆದರೆ ನೀನು ನಿನ್ನ ಕೈಯ ಅಳತೆಗೆ ತಂದಿದ್ದೆ,” ಎಂದರು ಮೇಷ್ಟರು. “ಇರು, ಆಮೇಲೆ ಮಾತಾಡೋಣ. ನಿಮ್ಮ ಮುತ್ತಜ್ಜನ ಅಧ್ಯಾಯ ಅರ್ಧಕ್ಕೆ ನಿಂತಿದೆ.”